ಕೀಳುವ ಮುನ್ನ ಹೆಸರು ಕೇಳಿ

ಮಕ್ಕಳೇ, ಮುಂಗಾರು ಮಳೆ ಶುರುವಾಗಿ ಎರಡು ವಾರ ಕಳೆಯಿತು ಎಂದುಕೊಳ್ಳಿ. ಶಾಲೆಯ ಅಂಗಳದಲ್ಲಿ, ಕೈತೋಟದ ಪಾತಿಗಳಲ್ಲಿ ಎಲ್ಲಿ ನೋಡಿದರೂ ಹಸಿರು. ಅಂದು ಶ್ರಮದಾನ. ನೀವೆಲ್ಲ ಸಾಲಾಗಿ ಕುಳಿತು ಕಳೆ ಕೀಳುತ್ತೀರಿ. ಬೇಲಿಯ ಪಕ್ಕದಲ್ಲಿ ಕಳೆಯ ಗುಡ್ಡೆ ಏಳುತ್ತದೆ. ಅಂಗಳ ಚೊಕ್ಕಟವಾಯಿತೆಂದು ಎಲ್ಲರಿಗೂ ಸಂತೋಷ. ಅದೇ ದಿನ ಬಿಸಿಯೂಟದ ಸಾರಿಗೆ ಬೇಕಾದ ತರಕಾರಿ ಮಾತ್ರ ಸಂತೆಯಿಂದ ಬಂದಿರುತ್ತದೆ!

ಆ ಗುಡ್ಡೆಯಲ್ಲಿ ಏನೇನು ಗಿಡಗಳಿದ್ದವು? ಯಾರಾದರೂ ನೋಡಿದಿರಾ?

ನಿಮ್ಮ ಊರು ಕೋಲಾರ, ತುಮಕೂರು ಅಥವಾ ಮಂಡ್ಯದ ಕಡೆಯದಾದರೆ ಅದರಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗನ್ನೆ, ಕೀರೆ, ಗಣಿಕೆ ಇದ್ದಿರಬಹುದು. ಇವನ್ನೆಲ್ಲ ಸೇರಿಸಿ ಬೇಯಿಸಿದರೆ ಅದೇ ಬೆರಕೆ ಸೊಪ್ಪಿನ ಸಾರು. ಉತ್ತರ ಕರ್ನಾಟಕದ ಹೊಲಗಳಲ್ಲಿ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹತ್ತರಕಿ ಇದೆ. ಕರಾವಳಿಯಲ್ಲಿ ಮೊದಲ ಮಳೆಗೆ ತಗಟೆ ಸೊಪ್ಪು ಚಿಗುರುತ್ತದೆ. ಮಲೆನಾಡಿನ ಹಿತ್ತಲಿನ ತೇವದ ಜಾಗದಲ್ಲಿ ತಂಬುಳಿಗೆ ಬೇಕಾದ ಒಂದೆಲಗ ಹಬ್ಬುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಬಿತ್ತುವುದಿಲ್ಲ, ನೀರೆರೆಯುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಆದರೂ ಮಳೆ ಬಿದ್ದೊಡನೆ ಅವು ಹಾಜರು!

ನಾನು ಹೇಳಬೇಕೆಂದಿರುವುದು ಇಷ್ಟೇ. 'ಕಳೆ' ಎಂಬುದು ಯಾವ ಗಿಡದ ಹೆಸರೂ ಅಲ್ಲ. ಅದು ಆ ಗಿಡದ ಬಗ್ಗೆ ನಮ್ಮ ಅಭಿಪ್ರಾಯ. ಅಭಿಪ್ರಾಯ ತಪ್ಪಾಗಿರಬಹುದು. ಆದ್ದರಿಂದ ಒಂದು ಗಿಡವನ್ನು ಕಿತ್ತೆಸೆಯುವ ಮೊದಲು ಅದರ ಹೆಸರನ್ನು ಕೇಳಿ ತಿಳಿಯಬೇಕು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಸಸ್ಯಗಳಿಗೆ ಎರಡು ಪದಗಳ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ಬಳಕೆಗೆ ತಂದವನು ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸ್. 1753ರಲ್ಲಿ ಅವನು ಎಲೆಕೋಸಿಗೆ 'ಬ್ರಾಸಿಕಾ ಒಲೆರೇಸಿಯ' ಎಂದೂ ಪಾಲಕ್ ಸೊಪ್ಪಿಗೆ 'ಸ್ಪಿನೇಸಿಯ ಒಲೆರೇಸಿಯ' ಎಂದೂ ಹೆಸರು ಕೊಟ್ಟನು. ಒಲೆರೇಸಿಯ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ತರಕಾರಿಗೆ ಒದಗುವ ಗಿಡ' ಎಂದರ್ಥ. ನೆಲಕ್ಕಂಟಿಕೊಂಡು ಬೆಳೆಯುವ, ದಪ್ಪ ಎಲೆಯ, ಕೆಂಪು ದಂಟಿನ ನಮ್ಮ ಗೋಣಿ ಸೊಪ್ಪಿಗೆ ಅವನು ಇಟ್ಟ ಹೆಸರೇನು ಗೊತ್ತೆ? 'ಪೋರ್ಚುಲಕ ಒಲೆರೇಸಿಯ'! ಅಂದರೆ ಎಲೆಕೋಸು, ಪಾಲಕ್, ಗೋಣಿ ಸೊಪ್ಪು ಮೂರಕ್ಕೂ ಒಂದೇ ಪಟ್ಟ. ಇಂದು ಮೊದಲಿನ ಎರಡು ಅಂಗಡಿಯಲ್ಲಿವೆ, ಮೂರನೆಯದು ಬೇಲಿಯ ಪಕ್ಕದ ಗುಡ್ಡೆಯಲ್ಲಿದೆ.

"ಹಾಗಾದರೆ ಕಳೆ ಕೀಳುವುದೇ ಬೇಡವೇ?" ಎಂದು ನೀವು ಕೇಳಬಹುದು. ಖಂಡಿತ ಕೀಳಬೇಕು. ಹೊಲದಲ್ಲಿ ಕಳೆ ಹೆಚ್ಚಾದರೆ ಅದು ಪೈರಿನ ನೀರು, ಬೆಳಕು ಮತ್ತು ಪೋಷಕಾಂಶಗಳಿಗೆ ಪಾಲುದಾರನಾಗುತ್ತದೆ. ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡದಂತಹವು ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತವೆ. ರೈತರು ಕಳೆಗೆ ಹೆದರುವುದು ಸರಿಯಾಗಿಯೇ ಇದೆ.

ಆದರೆ ನಿಮ್ಮ ಅಜ್ಜಿಯಂದಿರು ಕಳೆ ತೆಗೆಯುತ್ತಿದ್ದ ರೀತಿಯನ್ನು ಕೇಳಿ ನೋಡಿ. ರಾಗಿ ಹೊಲದಲ್ಲಿ ಕಳೆ ಕೀಳುತ್ತಲೇ ಎಳೆಯ ಅಣ್ಣೆ ಸೊಪ್ಪನ್ನು ಬೇರೆ ಮಾಡಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಉಳಿದದ್ದು ದನಕ್ಕೆ ಅಥವಾ ತಿಪ್ಪೆಗೆ. ಪೈರಿಗೂ ಲಾಭ, ಸಂಜೆಯ ಸಾರಿಗೂ ಸೊಪ್ಪು. ಅವರಿಗೆ ಕಳೆ ತೆಗೆಯುವುದೂ ಒಂದು ಕೊಯ್ಲಾಗಿತ್ತು.

ಈಗ ಅನೇಕ ಕಡೆ ಆಳುಗಳು ಸಿಗುವುದು ಕಷ್ಟವೆಂದು ಕಳೆನಾಶಕ ಸಿಂಪಡಿಸುತ್ತಾರೆ. 2,4-ಡಿ ಎಂಬ ಕಳೆನಾಶಕದ ಕೆಲಸವನ್ನು ಗಮನಿಸಿ. ಅದು ಹುಲ್ಲಿನ ಜಾತಿಯ ಪೈರುಗಳನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಭತ್ತ, ಜೋಳ ಹುಲ್ಲಿನ ಜಾತಿಗೆ ಸೇರಿದವು. ಅಣ್ಣೆ, ಗೋಣಿ, ಕೀರೆ, ಹೊನಗನ್ನೆ ಎಲ್ಲವೂ ಅಗಲ ಎಲೆಯವು! ಆ ಔಷಧಿಗೆ ಕಳೆ ಯಾವುದು, ಸೊಪ್ಪು ಯಾವುದು ಎಂಬ ಭೇದ ತಿಳಿಯದು. ಅದು ತಿಳಿದಿರುವುದು ಅಜ್ಜಿಗೆ ಮಾತ್ರ.

ಇನ್ನು ಪೋಷಕಾಂಶದ ಮಾತು. 100 ಗ್ರಾಂ ಎಲೆಕೋಸಿನಲ್ಲಿ ಸುಮಾರು 50 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ದಂಟಿನ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು! ಕೀರೆ ಸೊಪ್ಪು ಈ ದಂಟಿನ ಹತ್ತಿರದ ಬಂಧು. ಆದರೆ ಇಲ್ಲಿ ಒಂದು ವಿಷಯ ನೆನಪಿರಲಿ. ಅನೇಕ ಸೊಪ್ಪುಗಳಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತದೆ. ಅದು ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಸೊಪ್ಪಿನ ಕಬ್ಬಿಣಾಂಶವೂ ಪೂರ್ತಿಯಾಗಿ ದಕ್ಕುವುದಿಲ್ಲ. ಊಟದಲ್ಲಿ ನಿಂಬೆಹಣ್ಣಿನ ರಸವಿದ್ದರೆ ಅದರಲ್ಲಿರುವ ಸಿ ಜೀವಸತ್ವ ಕಬ್ಬಿಣಾಂಶ ದಕ್ಕಲು ನೆರವಾಗುತ್ತದೆ. ದಿನವೂ ಒಂದೇ ಸೊಪ್ಪನ್ನು ತಿನ್ನುವ ಬದಲು ಹಲವನ್ನು ಬೆರೆಸಿ ತಿನ್ನುವುದು ಮೇಲು. ಬೆರಕೆ ಸೊಪ್ಪಿನ ಸಾರಿನಲ್ಲಿ ಎಷ್ಟು ಜಾಣತನವಿದೆ ನೋಡಿ!

ಈಗ ಒಂದು ಸಣ್ಣ ಲೆಕ್ಕ. ಬಿಸಿಯೂಟದ ನಿಯಮದಂತೆ 6ರಿಂದ 8ನೇ ತರಗತಿಯ ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 75 ಗ್ರಾಂ ತರಕಾರಿ ಸಿಗಬೇಕು. ನಿಮ್ಮ ತರಗತಿಗಳಲ್ಲಿ 40 ಮಕ್ಕಳಿದ್ದರೆ ದಿನಕ್ಕೆ 3 ಕಿಲೋಗ್ರಾಂ ಬೇಕು. ಅಷ್ಟನ್ನೂ ಶಾಲೆಯ ತೋಟವೇ ಕೊಡಲಾರದು. ಆದರೆ ವಾರಕ್ಕೊಂದು ದಿನದ ಸೊಪ್ಪನ್ನು ಮಳೆಗಾಲದಲ್ಲಿ ಅದು ಕೊಡಬಲ್ಲದು. ಕೈತೋಟದಲ್ಲಿ ಬದನೆ, ಟೊಮ್ಯಾಟೊಗಳಿಗೆ ಜಾಗವಿರಲಿ. ಒಂದು ಪಾತಿ ಮಾತ್ರ ಊರಿನ ಸೊಪ್ಪುಗಳಿಗೆ ಮೀಸಲಾಗಲಿ ಎಂಬುದು ನನ್ನ ಕೋರಿಕೆ.

"ಅದು ಬಡವರ ಊಟ" ಎಂದು ಕೆಲವರು ಮೂಗು ಮುರಿಯಬಹುದು. ನವಣೆ, ಸಾಮೆ, ರಾಗಿಯ ಬಗ್ಗೆಯೂ ಹಿಂದೆ ಹೀಗೆಯೇ ಹೇಳುತ್ತಿದ್ದರು. ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ಅವು ಪಟ್ಟಣದ ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ. ಧಾನ್ಯ ಬದಲಾಗಲಿಲ್ಲ, ನಮ್ಮ ಅಭಿಪ್ರಾಯ ಬದಲಾಯಿತು. ಸಿರಿಧಾನ್ಯದ ಬೀಜ ಕೆಲವು ರೈತರ ಬಳಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಸೊಪ್ಪುಗಳ ವಿಷಯದಲ್ಲಿ ಬೀಜ ಉಳಿದರೆ ಸಾಲದು, ಗುರುತು ಹಿಡಿಯುವ ಕಣ್ಣೂ ಉಳಿಯಬೇಕು.

ಏಕೆಂದರೆ ಗುರುತು ತಪ್ಪಿದರೆ ಅಪಾಯವಿದೆ. ಗಣಿಕೆಯ ಎಲೆಯನ್ನು ಬೇಯಿಸಿ ತಿನ್ನುತ್ತಾರೆ, ಕಪ್ಪಗೆ ಮಾಗಿದ ಹಣ್ಣನ್ನೂ ತಿನ್ನುತ್ತಾರೆ. ಅದರ ಹಸಿರು ಕಾಯಿಯಲ್ಲಿ ವಿಷಕಾರಿ ಸೊಲಾನಿನ್ ಇರುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಹಸಿಯಾಗಿ ಬಾಯಿಗಿಟ್ಟರೆ ಗಂಟಲು ಕೆರೆಯುತ್ತದೆ. ಅದಕ್ಕೇ ಪತ್ರೊಡೆಗೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಯಾವುದನ್ನು, ಯಾವಾಗ, ಹೇಗೆ ತಿನ್ನಬೇಕು ಎಂಬ ಈ ತಿಳಿವಳಿಕೆ ಎಷ್ಟೋ ಊರುಗಳಲ್ಲಿ ಹಿರಿಯ ಹೆಂಗಸರ ನೆನಪಿನಲ್ಲಿ ಮಾತ್ರ ಇದೆ. ಅವರನ್ನು ಯಾರೂ ಕೇಳದಿದ್ದರೆ ಅದು ಅವರೊಂದಿಗೇ ಹೋಗಿಬಿಡುತ್ತದೆ.

ಆದ್ದರಿಂದ ಮಕ್ಕಳೇ, ಈ ಮಳೆಗಾಲದಲ್ಲಿ ಹೀಗೆ ಮಾಡಿ. ಶ್ರಮದಾನದ ದಿನ ಊರಿನ ಒಬ್ಬರು ಅಜ್ಜಿಯನ್ನು ಶಾಲೆಗೆ ಕರೆಯಲು ನಿಮ್ಮ ಶಿಕ್ಷಕರನ್ನು ಕೇಳಿಕೊಳ್ಳಿ. ಕಿತ್ತ ಗಿಡಗಳನ್ನು ಜಾತಿವಾರು ವಿಂಗಡಿಸಿ. ಪ್ರತಿಯೊಂದರ ಊರ ಹೆಸರು, ತಿನ್ನುವ ಭಾಗ, ಅಡುಗೆಯ ವಿಧಾನವನ್ನು ಬರೆದುಕೊಳ್ಳಿ. ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ ಪುಸ್ತಕಕ್ಕೆ ಅಂಟಿಸಿ. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಗೊತ್ತಿರುವ ಹಿರಿಯರು ಹೇಳದೆ ಯಾವ ಎಲೆಯನ್ನೂ ಹಣ್ಣನ್ನೂ ಬಾಯಿಗಿಡಬೇಡಿ. ರಸ್ತೆಯ ಬದಿಯಲ್ಲಿ, ಚರಂಡಿಯ ಬಳಿ, ಔಷಧಿ ಸಿಂಪಡಿಸಿದ ಹೊಲದಲ್ಲಿ ಸೊಪ್ಪು ಕೀಳಬೇಡಿ.

ಪುಸ್ತಕ ತುಂಬುವ ಹೊತ್ತಿಗೆ ಬೇಲಿಯ ಪಕ್ಕದ ಗುಡ್ಡೆ ಚಿಕ್ಕದಾಗಿರುತ್ತದೆ. ನಿಮ್ಮ ಶಾಲೆಯ ಗುಡ್ಡೆಯಲ್ಲಿ ಎಷ್ಟು ಸೊಪ್ಪುಗಳು ಸಿಕ್ಕವು? ಎಣಿಸಿ ನೋಡಿ.