ಬಾಂಡ್‌ಗೆ ವಿಲ್ನೆವ್ ಸರಿಯೇ?

ಹಾಸ್ಟೆಲ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಶುರುವಾದ ಜಗಳ ಇದು, ಇನ್ನೂ ಮುಗಿದಿಲ್ಲ. ಜೇಮ್ಸ್ ಬಾಂಡ್‌ನ ಮುಂದಿನ ಸಿನಿಮಾವನ್ನು ಡೆನಿ ವಿಲ್ನೆವ್ ನಿರ್ದೇಶಿಸುತ್ತಾರೆ ಎಂದು 2025ರ ಜೂನ್‌ನಲ್ಲಿ ಅಮೆಜಾನ್ ಎಂಜಿಎಂ ಪ್ರಕಟಿಸಿತು. ನನ್ನ ರೂಮ್‌ಮೇಟ್ ಬಾಂಡ್ ಚಿತ್ರಗಳನ್ನೆಲ್ಲ ಇಸವಿ ಸಮೇತ ಹೇಳಬಲ್ಲವನು. “ಈ ಮನುಷ್ಯನ ಸಿನಿಮಾದಲ್ಲಿ ಯಾರೂ ನಗುವುದೇ ಇಲ್ಲ. ಬಾಂಡ್ ಕೂಡ ಮರಳುಗಾಡಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಿರುತ್ತಾನೆ ನೋಡು” ಎನ್ನುವುದು ಅವನ ವಾದ. ನಾನು ವಿಲ್ನೆವ್ ಪರ. ಆದರೆ ವಾದ ಮುಂದುವರಿದಂತೆ ನಾನು ಯಾಕೆ ಅವರ ಪರ ಎಂಬ ಕಾರಣವೇ ಬದಲಾಯಿತು. ಅದನ್ನು ಬರೆಯೋಣ ಎನ್ನಿಸಿತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಬಾಂಡ್ ಸರಣಿ 1962ರ ‘ಡಾಕ್ಟರ್ ನೋ’ದಿಂದ ಶುರುವಾಗಿ 2021ರ ‘ನೋ ಟೈಮ್ ಟು ಡೈ’ವರೆಗೆ 25 ಚಿತ್ರಗಳನ್ನು ಕಂಡಿದೆ. ಇಷ್ಟೂ ಕಾಲ ಅದನ್ನು ನಡೆಸಿದ್ದು ಬ್ರೊಕೊಲಿ ಕುಟುಂಬ. 2025ರ ಫೆಬ್ರವರಿಯಲ್ಲಿ ಹಿಡಿತ ಅಮೆಜಾನ್ ಕೈಗೆ ಹೋಯಿತು. ವಿಲ್ನೆವ್ ಕೆನಡಾದವರು. ‘ಅರೈವಲ್’, ‘ಬ್ಲೇಡ್ ರನ್ನರ್ 2049’, ‘ಡ್ಯೂನ್’ನ ಎರಡು ಭಾಗಗಳು ಅವರವೇ.

ದೊಡ್ಡ ಹೆಸರಿನ ನಿರ್ದೇಶಕ ಬಂದ ಮಾತ್ರಕ್ಕೆ ಬಾಂಡ್ ಗೆಲ್ಲುತ್ತದೆ ಎಂದೇನಿಲ್ಲ. ಆಸ್ಕರ್ ಗೆದ್ದಿದ್ದ ಸ್ಯಾಮ್ ಮೆಂಡಿಸ್ 2012ರಲ್ಲಿ ಮಾಡಿದ ‘ಸ್ಕೈಫಾಲ್’ ನೂರು ಕೋಟಿ ಡಾಲರ್ ದಾಟಿತು. ಅದೇ ಮೆಂಡಿಸ್ ಮೂರು ವರ್ಷದ ನಂತರ ಮಾಡಿದ ‘ಸ್ಪೆಕ್ಟರ್’ ಅಷ್ಟು ಹಿಡಿಸಲಿಲ್ಲ. ‘ಸ್ಲಮ್‌ಡಾಗ್ ಮಿಲಿಯನೇರ್’ನ ಡ್ಯಾನಿ ಬಾಯ್ಲ್ ಅಂತೂ ಒಪ್ಪಿಕೊಂಡ ಬಾಂಡ್ ಚಿತ್ರವನ್ನು 2018ರಲ್ಲಿ ನಿರ್ಮಾಪಕರೊಂದಿಗೆ ಹೊಂದಾಣಿಕೆಯಾಗದೆ ಬಿಟ್ಟು ಹೊರಟರು. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಗೆ ರಾಣಿ ಎಲಿಜಬೆತ್ ಜೊತೆ ಬಾಂಡ್‌ನನ್ನು ನಡೆಸಿದ್ದು ಇದೇ ಬಾಯ್ಲ್, ಪಾಪ!

ಹಾಗಾಗಿ ಮೊದಲಿಗೆ ನಾನು ಮಾಡುತ್ತಿದ್ದದ್ದು ಬರೀ ಕ್ಯಾಮೆರಾ ವಾದ. ‘ಸ್ಕೈಫಾಲ್’ನ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ವಿಲ್ನೆವ್ ಜೊತೆಗೂ ಮೂರು ಚಿತ್ರ ಮಾಡಿದ್ದಾರೆ, ಅಂದಮೇಲೆ ಇಬ್ಬರ ಲೋಕ ಅಷ್ಟೇನೂ ದೂರವಿಲ್ಲ ಎನ್ನುತ್ತಿದ್ದೆ. ನಗು ಇಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕಾರಣ ಬದಲಾದದ್ದು ರಜೆಯಲ್ಲಿ. ಬಾಂಡ್ ಭಾರತಕ್ಕೆ ಬಂದಿದ್ದ ‘ಆಕ್ಟೊಪಸ್ಸಿ’ಯನ್ನು (1983) ಮಾಮನ ಜೊತೆ ನೋಡಿದೆ. ಅದರಲ್ಲಿ ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಇದ್ದಾರೆ ಎಂಬುದು ಮಾಮನಿಗೆ ಇಂದಿಗೂ ಹೆಮ್ಮೆ. ಉದಯಪುರದ ಅರಮನೆ, ಸರೋವರ, ಆಟೋ ಚೇಸ್ ಎಲ್ಲ ಮಜವಾಗಿದೆ, ಸುಳ್ಳು ಹೇಳುವುದಿಲ್ಲ. ಅಮೃತರಾಜ್ ಹಾವಾಡಿಗನ ವೇಷದಲ್ಲಿ ಪುಂಗಿಯಲ್ಲಿ ಬಾಂಡ್ ಟ್ಯೂನ್ ಊದುತ್ತಾರೆ, ಟೆನಿಸ್ ರಾಕೆಟ್‌ನಲ್ಲಿ ರೌಡಿಗಳಿಗೆ ಬಾರಿಸುತ್ತಾರೆ. ಬೀದಿಯಲ್ಲಿ ಕತ್ತಿ ನುಂಗುವವನು, ಮೊಳೆಯ ಮೇಲೆ ಮಲಗುವವನು. ಜೂಜಿನಲ್ಲಿ ಗೆದ್ದ ಹಣದ ಕಟ್ಟನ್ನು ಭಾರತೀಯ ಸಹೋದ್ಯೋಗಿಯ ಕೈಗಿಟ್ಟು, ಕೆಲವು ವಾರ ‘ಕರಿ’ ತಿನ್ನಲು ಸಾಕು ಎಂಬರ್ಥದ ಜೋಕ್ ಹೊಡೆಯುತ್ತಾನೆ ಬಾಂಡ್. ಮಾಮ ನಕ್ಕರು, ನಾನೂ ನಕ್ಕೆ. ಆಮೇಲೆ ಅಮೃತರಾಜ್ ಪಾತ್ರ ಸಾಯುತ್ತದೆ. ಬಾಂಡ್ ಒಂದು ಕ್ಷಣ ಮುಖ ಸಪ್ಪೆ ಮಾಡುತ್ತಾನೆ, ಕಥೆ ಮುಂದೆ ಓಡುತ್ತದೆ. ಅವನಿಗೊಂದು ಮನೆ ಇತ್ತೇ, ಸುದ್ದಿ ಯಾರಿಗೆ ಮುಟ್ಟಿತು? ಗೊತ್ತಿಲ್ಲ. ಖಳನಾಯಕ ಅಫ್ಘನ್ ರಾಜಕುಮಾರ ಕಮಲ್ ಖಾನ್, ಆ ಪಾತ್ರ ಮಾಡಿದ್ದು ಫ್ರಾನ್ಸಿನ ನಟ ಲೂಯಿ ಜೋರ್ಡಾನ್.

ಅದೇ ವಾರ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ವಿಲ್ನೆವ್ ಅವರ ‘ಸಿಕಾರಿಯೊ’ (2015) ನೋಡಿದೆ. ಅಮೆರಿಕ–ಮೆಕ್ಸಿಕೊ ಗಡಿಯ ಗುಪ್ತ ಕಾರ್ಯಾಚರಣೆಯ ಕಥೆ. ಚಿತ್ರದ ನಡುನಡುವೆ ಸಿಲ್ವಿಯೊ ಎಂಬ ಮೆಕ್ಸಿಕನ್ ಪೊಲೀಸನ ಮನೆ ಬರುತ್ತದೆ. ಬೆಳಗಿನ ತಿಂಡಿ, ಫುಟ್‌ಬಾಲ್ ಆಡಲು ಬಾ ಎನ್ನುವ ಮಗ. ಇವನನ್ನು ಯಾಕೆ ತೋರಿಸುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ. ಮಾದಕ ವಸ್ತು ಸಾಗಿಸುವವನು, ಬಾಂಡ್ ಚಿತ್ರದಲ್ಲಾಗಿದ್ದರೆ ಮೂರು ಸೆಕೆಂಡಿನಲ್ಲಿ ಗುಂಡು ತಿಂದು ಬೀಳುವವನು. ಇಲ್ಲೂ ಸಾಯುತ್ತಾನೆ. ಆದರೆ ಸಿನಿಮಾ ಮುಗಿಯುವುದು ಅವನ ಮಗನ ಫುಟ್‌ಬಾಲ್ ಮೈದಾನದಲ್ಲಿ. ದೂರದಲ್ಲಿ ಗುಂಡಿನ ಸದ್ದು ಕೇಳುತ್ತದೆ, ಮಕ್ಕಳೂ ತಾಯಂದಿರೂ ಒಮ್ಮೆ ತಿರುಗಿ ನೋಡುತ್ತಾರೆ, ಮತ್ತೆ ಆಟ ಶುರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇದಕ್ಕೂ ಮೊದಲಿನ ‘ಇನ್ಸೆಂಡೀಸ್’ನಲ್ಲಿ (2010) ಒಂದು ಬಸ್ ದೃಶ್ಯವಿದೆ. ಲೆಬನಾನ್ ಅಂತರ್ಯುದ್ಧವನ್ನು ನೆನಪಿಸುವ ಕಥೆ. ಮುಸ್ಲಿಮರು ತುಂಬಿದ ಬಸ್ಸನ್ನು ಬಂದೂಕುಧಾರಿಗಳು ಅಡ್ಡಗಟ್ಟುತ್ತಾರೆ. ಒಳಗಿದ್ದ ಕ್ರೈಸ್ತ ಹೆಣ್ಣುಮಗಳು ಕೊರಳ ಶಿಲುಬೆ ತೋರಿಸಿ ಬದುಕುತ್ತಾಳೆ, ಪಕ್ಕದ ಮಗುವನ್ನು ತನ್ನ ಮಗಳೆಂದು ಹೇಳಿ ಉಳಿಸಲು ನೋಡುತ್ತಾಳೆ, ಆಗುವುದಿಲ್ಲ. ತುಂಬಾ ಕಠಿಣವಾದ ಚಿತ್ರ, ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಬಸ್ಸಿನಲ್ಲಿದ್ದವರು ಯಾರೂ ಬರೀ ‘ಹಿನ್ನೆಲೆ’ಯಾಗಿ ಕಾಣುವುದಿಲ್ಲ.

ನನ್ನ ಈಗಿನ ವಾದ ಇಷ್ಟೇ: ಬಾಂಡ್ ಲೋಕವೆಲ್ಲ ಸುತ್ತುತ್ತಾನೆ. ಈಜಿಪ್ಟ್, ಮೊರಾಕೊ, ಟರ್ಕಿ, ಭಾರತ, ಎಲ್ಲ ಕಡೆಯೂ ಊರಿನವರು ಅವನ ಕಾರಿಗೆ ದಾರಿ ಬಿಡಲು, ಅವನು ಉರುಳಿಸುವ ಹಣ್ಣಿನ ಗಾಡಿಯ ಮಾಲೀಕರಾಗಲು ಇದ್ದಾರೆ. ನಾವು ಬಾಂಡ್‌ಗೆ ಶಿಳ್ಳೆ ಹೊಡೆಯುತ್ತೇವೆ, ಆದರೆ ಪರದೆಯ ಮೇಲೆ ನಮ್ಮಂತೆ ಕಾಣುವವನು ಆ ಗಾಡಿಯವನು. ಅವನ ಮನೆಗೂ ಒಮ್ಮೆ ಹೋಗಿಬರಬಲ್ಲ ನಿರ್ದೇಶಕ ಈಗ ಸಿಕ್ಕಿದ್ದಾರೆ. ಜೋಕ್ ಎರಡು ಕಡಿಮೆಯಾದರೂ ನನಗೆ ಬೇಸರವಿಲ್ಲ.

ಇದನ್ನು ಕೇಳಿ ರೂಮ್‌ಮೇಟ್ ಒಂದೇ ಪ್ರಶ್ನೆ ಹಾಕಿದ: “ಹಾಗಾದರೆ ‘ಡ್ಯೂನ್’?” ಒಳ್ಳೆಯ ಏಟು. ಜೋರ್ಡಾನಿನ ವಾದಿ ರಮ್‌ನಲ್ಲಿ, ಅಬುಧಾಬಿಯಲ್ಲಿ ಚಿತ್ರೀಕರಣವಾಯಿತು, ಫ್ರೆಮೆನ್ ಜನರ ಬಾಯಲ್ಲಿ ‘ಮಹ್ದಿ’ಯಂಥ ಅರಬಿ ಪದಗಳಿವೆ, ಆದರೆ ಮುಖ್ಯ ಪಾತ್ರಗಳಲ್ಲಿ ಅರಬ್ ನಟರೆಲ್ಲಿ ಎಂಬ ಟೀಕೆ ಆಗಲೇ ಬಂದಿತ್ತು. ಕಾದಂಬರಿಯಲ್ಲಿದ್ದ ‘ಜಿಹಾದ್’ ಪದ ಚಿತ್ರದಲ್ಲಿ ‘ಪವಿತ್ರ ಯುದ್ಧ’ವಾಯಿತು. ಹಣ ಹೆಚ್ಚಾದಷ್ಟೂ ಇದೇ ವಿಲ್ನೆವ್ ಕೂಡ ಮರಳನ್ನು ತೆಗೆದುಕೊಂಡು ಮನುಷ್ಯರನ್ನು ಬಿಟ್ಟರೇ? ಬಾಂಡ್ ಚಿತ್ರಕ್ಕೆ ಹಣವಂತೂ ಕಡಿಮೆ ಬೀಳುವುದಿಲ್ಲ. ಇದಕ್ಕೆ ನಾನು ಪೂರ್ತಿ ಉತ್ತರ ಕೊಡಲಾರೆ. ‘ಸಿಕಾರಿಯೊ’ದ ಆ ಮೈದಾನ ಅವರಿಗೆ ಇನ್ನೂ ನೆನಪಿರಬಹುದು ಎಂಬ ನಂಬಿಕೆಯಷ್ಟೇ ನನ್ನದು.

ರೂಮ್‌ಮೇಟ್ ಜೊತೆ ಪಂದ್ಯ ಕಟ್ಟಿದ್ದೇನೆ. ಸಿನಿಮಾ ಬಂದ ದಿನ ನಾವಿಬ್ಬರೂ ಯಾವ ಊರಿನಲ್ಲಿದ್ದರೂ ಒಟ್ಟಿಗೆ ನೋಡಬೇಕು. ಅವನು ಜೋಕ್ ಎಣಿಸುತ್ತಾನೆ. ಬಾಂಡ್‌ನ ಹೊರತಾಗಿ ಎಷ್ಟು ಜನರಿಗೆ ಹೆಸರಿದೆ, ಮನೆಯಿದೆ ಎಂದು ನಾನು ಎಣಿಸುತ್ತೇನೆ. ಸೋತವನು ಬಿರಿಯಾನಿ ಕೊಡಿಸಬೇಕು.