ಉಂಡು ಮಲಗಿದರೂ ತೀರದ ಜಗಳ

'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನೋ ಗಾದೆ ಎಲ್ಲರ ಬಾಯಲ್ಲೂ ಇದೆ. ಪಕ್ಕದ ಮನೆಯಲ್ಲಿ ಹೆಣ್ಣುಮಗಳ ಕೂಗು ಕೇಳಿದರೆ ಕಿಟಕಿ ಮುಚ್ಚಿಕೊಳ್ಳಲು ಇದೊಂದು ನೆಪ. ಬೆಳಿಗ್ಗೆ ಅದೇ ಹೆಣ್ಣುಮಗಳು ಊದಿದ ಮುಖಕ್ಕೆ ಸೆರಗು ಮರೆಮಾಡಿ ಬಸ್ಸು ಹತ್ತಿ ತವರಿಗೆ ಹೊರಟಿರುತ್ತಾಳೆ. ಕಂಡವರು ಕಾಣದ ಹಾಗೆ ಕೂತಿರುತ್ತಾರೆ.

ಆಮೇಲೆ ಪಂಚಾಯ್ತಿ. ಹಿರಿಯರು 'ಹೊಂದಿಕೊಂಡು ಹೋಗಮ್ಮ' ಅಂತ ವಾಪಸು ಕಳಿಸುತ್ತಾರೆ. ಅವಳು ಒಪ್ಪದಿದ್ದರೆ ಮಾವನ ಕೊನೇ ಮಾತು: 'ಮನೆ ನಂದು, ಪಹಣಿ ನನ್ನ ಹೆಸರಲ್ಲಿದೆ, ನಡಿ ಆಚೆಗೆ.' ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ, ಮನೆ ಸಾಮಾನ್ಯವಾಗಿ ಹಿರಿಯರ ಹೆಸರಲ್ಲೇ. ಕಾಯಿ ಹೊತ್ತು ಕೊಬ್ಬರಿಗೆ ಅಟ್ಟ ತುಂಬಿದ ಸೊಸೆಯ ಹೆಸರು ಯಾವ ಕಾಗದದಲ್ಲೂ ಇರಲ್ಲ.

ಆದರೆ ಸ್ವಾಮಿ, ಕಾನೂನು ಬೇರೆ ಹೇಳುತ್ತೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದ್ದು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಬಾಳಿದ ಮನೆಯಿಂದ ಅವಳನ್ನು ಸುಮ್ಮನೆ ಆಚೆಗೆ ತಳ್ಳುವಂತಿಲ್ಲ. ಮನೆ ಮಾವನ ಹೆಸರಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಅಂತ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇದು ಆಸ್ತಿಯಲ್ಲಿ ಪಾಲಲ್ಲ, ತಲೆ ಮೇಲೊಂದು ಸೂರು.

'ಸುಳ್ಳು ಕೇಸು ಹಾಕಿ ಜೈಲಿಗೆ ಕಳಿಸ್ತಾರೆ' ಅಂತ ಗೊಣಗುವವರಿದ್ದಾರೆ. ಜೈಲಿನ ಕಾನೂನು ಬೇರೆ. ಅದು 1983ರಲ್ಲಿ ಬಂದ 498ಎ; 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದರಲ್ಲೂ ಕಣ್ಣುಮುಚ್ಚಿ ಬಂಧಿಸಬೇಡಿ ಅಂತ 2014ರಲ್ಲೇ ಸುಪ್ರೀಂ ಕೋರ್ಟು ಪೊಲೀಸರಿಗೆ ಹೇಳಿದೆ. 2005ರ ಕಾಯ್ದೆ ಕೇಳೋದು ಇಷ್ಟೇ: ಹೊಡೀಬೇಡ, ಹೊರಗೆ ಹಾಕಬೇಡ, ಖರ್ಚಿಗೆ ಕೊಡು. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಷ್ಟಿದ್ದೂ ಈ ಕಾನೂನು ಹಳ್ಳಿ ಬಾಗಿಲು ಮುಟ್ಟಿಲ್ಲ ಯಾಕೆ? ಹೇಳೋರಿಲ್ಲ. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ ಅವರೇ ತಾಲ್ಲೂಕಿನ ರಕ್ಷಣಾಧಿಕಾರಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮೊಟ್ಟೆ, ಪೌಷ್ಟಿಕ ಆಹಾರದ ಲೆಕ್ಕದ ನಡುವೆ ಅವರಾದರೂ ಎಷ್ಟು ಮನೆಗೆ ಓಡಾಡಿಯಾರು? ಸರ್ಕಾರ ಈ ಕೆಲಸಕ್ಕೇ ಅಂತ ತಾಲ್ಲೂಕಿಗೊಬ್ಬ ಅಧಿಕಾರಿಯನ್ನು ಕೊಡಲಿ.

ನಮ್ಮ ಪಾಲೂ ಇದೆ. ಇಂಥ ಹಿಂಸೆ ನಡೀತಿದೆ ಅಂತ ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲಲ್ಲ. ಕಾಯ್ದೆಯ 4ನೇ ಕಲಂ ಹಾಗೇ ಹೇಳುತ್ತೆ. ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕ 'ಮಹಿಳಾ ಸಹಾಯವಾಣಿ 181' ಅಂತ ಒಂದು ಚೀಟಿ ಅಂಟಿಸಿದರೆ ಗಂಟೇನೂ ಹೋಗಲ್ಲ.

ಮುಂದಿನ ಸಲ ಗೋಡೆಯಾಚೆ ಕೂಗು ಕೇಳಿದಾಗ ಗಾದೆ ಹೇಳಬೇಡಿ. ಫೋನು ಮಾಡಿ.