ರಶೀದಿ ಕೇಳಿದ ಮೊಮ್ಮಗಳು

ಮಕ್ಕಳೇ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿ ದುಡಿದವನಿಗೆ ಲೆಕ್ಕ ತಪ್ಪುತ್ತದೆಯೇ? ತಪ್ಪುತ್ತದೆ. ನನಗೆ ತಪ್ಪಿದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತ ಬಂದುಹೋದ ಮರುವಾರ.

ಮೇ 15ರ ಆ ಗಾಳಿಯನ್ನು ನಮ್ಮ ಕಾಪುವಿನವರು ಮರೆತಿಲ್ಲ. ಕಡಲಿನ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್‌ನಲ್ಲಿದ್ದ 9 ಮಂದಿಯನ್ನು ಎರಡು ದಿನಗಳ ಬಳಿಕ ಪಾರು ಮಾಡಿದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಮನೆಯಲ್ಲಿ ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತೆಂಗಿನ ಮರವೊಂದು ಚಾವಡಿಯ ಮಾಡಿನ ಮೇಲೆ ಬಿದ್ದು ಹಂಚು, ಪಕ್ಕಾಸು ಮುರಿದವು. ಲಾಕ್‌ಡೌನ್ ಬೇರೆ, ಕೆಲಸದವರು ಸಿಗುತ್ತಿರಲಿಲ್ಲ. ಮಳೆಗಾಲಕ್ಕೆ ಎರಡೇ ವಾರ.

ಆಗ ಬೈಕಿನಲ್ಲಿ ಒಬ್ಬರು ಬಂದರು. ಅಂಗಳದಲ್ಲಿ ನಿಂತೇ ಮೇಲೆ ನೋಡಿ, “ಪೂರಾ ಮಾಡು ಬಿಚ್ಚಬೇಕು. ಇವತ್ತೇ ಮುಂಗಡ ಕೊಟ್ಟರೆ ನಾಡಿದ್ದು ಶುರು” ಎಂದರು. 25,000 ರೂಪಾಯಿ ಎಣಿಸಿ ಕೊಟ್ಟೆ. ಮಣಿಪಾಲದಿಂದ ಬಂದು ನಮ್ಮಲ್ಲಿದ್ದ ಆರನೇ ತರಗತಿಯ ಮೊಮ್ಮಗಳು, “ಅಜ್ಜ, ರಶೀದಿ?” ಎಂದಳು. “ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು” ಎಂದು ಗದರಿದೆ. ರಶೀದಿ ಕೇಳಿದರೆ ಅವರಿಗೆ ಬೇಸರವಾದೀತು, ಕೆಲಸ ಬಿಟ್ಟು ಹೋದಾರು ಎಂಬ ಹೆದರಿಕೆ ನನಗೆ.

ಅವರು ನಾಡಿದ್ದು ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ದೂರು ಕೊಡೋಣವೆಂದರೆ ಕೈಯಲ್ಲೊಂದು ಚೀಟಿಯೂ ಇಲ್ಲ. ಮಳೆಗಾಲವಿಡೀ ಟರ್ಪಾಲಿನಡಿ ಬಾಲ್ದಿ ಇಟ್ಟು ಕಳೆದೆವು. ಮೊಮ್ಮಗಳು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಸೆಪ್ಟೆಂಬರಿನಲ್ಲಿ ಉಡುಪಿಯ ಗೆಳೆಯರೊಬ್ಬರು ಕಾರ್ಕಳದ ಮೇಸ್ತ್ರಿಯೊಬ್ಬರ ಬಗ್ಗೆ ಹೇಳಿದರು. “ಅವರು ಮಾಡಿದ ಮನೆಯನ್ನು ಮಳೆ ಸುರಿಯುವ ದಿನವೇ ನೋಡಿ ಬನ್ನಿ” ಎಂದೂ ಹೇಳಿದರು. ಹಾಗೆಯೇ ಹೋದೆ. ಎರಡು ವರ್ಷ ಹಿಂದೆ ಅವರು ರಿಪೇರಿ ಮಾಡಿದ ಮನೆಯಲ್ಲಿ ಚಾ ಕುಡಿಯುತ್ತ ಮಾಡನ್ನೇ ನೋಡುತ್ತಾ ಕುಳಿತೆ. ಒಂದು ಹನಿ ಬೀಳಲಿಲ್ಲ. ಮನೆಯ ಅಮ್ಮ, “ನಾಲ್ಕು ದಿನ ತಡ ಮಾಡಿದರು. ಆದರೆ ತಡವಾಗುತ್ತದೆಂದು ಮೊದಲೇ ಹೇಳಿದ್ದರು” ಎಂದರು.

ಮೇಸ್ತ್ರಿ ನಮ್ಮಲ್ಲಿಗೆ ಬಂದವರೇ ಏಣಿ ಹತ್ತಿ ಪಕ್ಕಾಸುಗಳನ್ನು ಒಂದೊಂದಾಗಿ ಬಡಿದು ನೋಡಿದರು. “ಆರು ಮಾತ್ರ ಹಾಳಾಗಿದೆ. ಉಳಿದದ್ದು ಗಟ್ಟಿ ಉಂಟು ಮಾರಾಯ್ರೆ, ತೆಗೆಯುವುದು ಯಾಕೆ?” ಎಂದರು. ಹಂಚೊಂದನ್ನು ಮಗುಚಿ, ಅಡಿಯಲ್ಲಿ ಅಚ್ಚಾಗಿದ್ದ ಕಾರ್ಖಾನೆಯ ಹೆಸರನ್ನು ಮೊಮ್ಮಗಳಿಂದ ಓದಿಸಿದರು. ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರದಿದ್ದರೆ ಸಂದಿಯಲ್ಲಿ ನೀರು ಇಳಿಯುತ್ತದಂತೆ. 100 ಚದರ ಅಡಿಗೆ ಸುಮಾರು 150 ಹಂಚು ಬೇಕು ಎಂದೂ ಹೇಳಿಕೊಟ್ಟರು. ಅವಳು ಟೇಪು ಹಿಡಿದು ಅಳೆದಳು. ಮುರಿದ ಇಳಿಜಾರು 20 ಅಡಿ ಉದ್ದ, 10 ಅಡಿ ಅಗಲ. “300 ಹಂಚು! ಹಳೆಯದು 180 ಚೆನ್ನಾಗಿದೆ. 120 ತಂದರೆ ಸಾಕು, ಒಡೆದರೆ ಅಂತ ಇನ್ನೊಂದು ಹತ್ತು” ಎಂದಳು.

“ಎಲ್ಲ ಬರೆದಿಡುವ” ಎಂದವರು ಮೇಸ್ತ್ರಿಯೇ. ಯಾವ ಮರ, ಎಷ್ಟು ಹಂಚು, ಯಾರು ತರಬೇಕು, ಯಾವ ದಿನ ಶುರು, ಯಾವಾಗ ಎಷ್ಟು ಹಣ ಎಂದು ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಮೊದಲ ಕಂತು ಮರಕ್ಕೆ, ಎರಡನೆಯದು ಹಂಚು ಹೊದಿಸಿದ ಮೇಲೆ. ಕೊನೆಯದು ಪೈಪಿನಿಂದ ಮಾಡಿನ ಮೇಲೆ ನೀರು ಬಿಟ್ಟು, ಒಳಗೆ ಸೋರುವುದಿಲ್ಲವೆಂದು ನೋಡಿಕೊಂಡ ಮೇಲೆ. ಬಿಸಿಲು ಬಂದ ಮೇಲೆ ಕೆಲಸ ಹಾಗೆಯೇ ನಡೆಯಿತು.

ಈ ರೀತಿ ನನಗೆ ಹೊಸದೇನಲ್ಲ. 1928ರಲ್ಲಿ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಪಡೆಯುತ್ತಿದ್ದರು. ನಾನು ಕೆಲಸದಲ್ಲಿದ್ದಾಗಲೂ ಪಿಗ್ಮಿಯವರು ಹಣ ಪಡೆದೊಡನೆ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು. ದಿನಾ ನೋಡುವ ಮುಖ, ಆದರೂ ಬರೆಯುತ್ತಿದ್ದರು. ಅದರಿಂದ ಯಾರಿಗೂ ಬೇಸರವಾದದ್ದನ್ನು ನಾನು ಕಾಣೆ.

ಅಜ್ಜ ಅಜ್ಜಿಯಂದಿರೇ, ಗಾಳಿಗೆ ಮನೆ ಹಾಳಾದರೆ ಮೊದಲು ಫೋಟೋ ತೆಗೆಯಿರಿ, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಪರಿಹಾರಕ್ಕೆ ಅದು ಬೇಕು. ಆಮೇಲೆ ಮೇಸ್ತ್ರಿಯನ್ನು ಹುಡುಕಿ. ಪಕ್ಕದಲ್ಲಿ ನಿಂತ ಮಗು “ರಶೀದಿ?” ಎಂದರೆ ಗದರಬೇಡಿ.

ಚಾವಡಿ ರಿಪೇರಿಯಾದ ದಿನ ನಾನು ಮೊಮ್ಮಗಳಿಗೆ, “ಆ ದಿನ ತಪ್ಪು ನನ್ನದು ಮಗಾ” ಎಂದೆ. ಅವಳು ನಗುತ್ತಾ, “ಬರೆದು ಸಹಿ ಹಾಕಿ ಅಜ್ಜ” ಎಂದಳು. ಹಾಕಿದೆ.